ಇ-ಮೇಲ್ ಭದ್ರತೆ: ಅವಧಿ ಮುಗಿದ ಕೀಲಿಗಳ ತೊಂದರೆ ಮತ್ತು ಪರಿಹಾರ

ವ್ಯಾಪಾರದ ಪತ್ರವ್ಯವಹಾರವು ಅಂಚೆಯಿಂದ ಫ್ಯಾಕ್ಸಿಗೆ, ಫ್ಯಾಕ್ಸಿನಿಂದ ಇ-ಮೇಲಿಗೆ ಸಾಗಿಬಂದು ಬಹಳ ವರ್ಷಗಳಾದವು. ದರಪಟ್ಟಿ, ಖರೀದಿ ಆದೇಶ, ಬಿಡಿಭಾಗದ ಡ್ರಾಯಿಂಗ್, ಇನ್‌ವಾಯ್ಸ್, ಬ್ಯಾಂಕ್ ಖಾತೆಯ ವಿವರ ಇವೆಲ್ಲವೂ ಇಂದು ಗಣಕಯಂತ್ರದ ಮೂಲಕವೇ ಹೋಗಿಬರುತ್ತವೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮಾಗಡಿ ರಸ್ತೆಯ ಆಸುಪಾಸಿನ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಹೆಗ್ಗನಹಳ್ಳಿ, ಶ್ರೀಗಂಧದ ಕಾವಲ್ ಮೊದಲುಗೊಂಡು ಪೀಣ್ಯದವರೆಗೆ ಹಬ್ಬಿರುವ ಸಣ್ಣ ಕಾರ್ಖಾನೆಗಳಲ್ಲಿ ಮಾಲೀಕರು ಯಂತ್ರದ ಮುಂದೆ, ಲೆಕ್ಕ ಬರೆಯುವವರು ಒಂದೇ ಒಂದು ಕಂಪ್ಯೂಟರಿನ ಮುಂದೆ ಇರುವುದು ಸಾಮಾನ್ಯ ದೃಶ್ಯ. ಆ ಒಂದು ಕಂಪ್ಯೂಟರಿನಲ್ಲಿಯೇ ಕಾರ್ಖಾನೆಯ ಇಡೀ ಪತ್ರವ್ಯವಹಾರ ಅಡಗಿರುತ್ತದೆ.

ವಾಹನ, ವಿಮಾನ, ರಕ್ಷಣೆ, ವೈದ್ಯಕೀಯ ಉಪಕರಣ ಮುಂತಾದ ಕ್ಷೇತ್ರಗಳ ದೊಡ್ಡ ಖರೀದಿದಾರರಲ್ಲಿ ಹಲವರು ತಮ್ಮ ಡ್ರಾಯಿಂಗುಗಳನ್ನು ಬಿಚ್ಚೋಲೆಯಂತೆ ಕಳುಹಿಸಲು ಒಪ್ಪುವುದಿಲ್ಲ. ಅವರು ಗೂಢಲಿಪಿಗೆ ಪರಿವರ್ತಿಸಿದ, ಅಂದರೆ ಎನ್‌ಕ್ರಿಪ್ಟ್ ಮಾಡಿದ ಇ-ಮೇಲನ್ನೇ ಬಳಸಬೇಕೆಂದು ಸರಬರಾಜುದಾರರಿಗೆ ಷರತ್ತು ವಿಧಿಸುತ್ತಾರೆ. ಮೊದಲ ದಿನ ಯಾರೋ ತಂತ್ರಜ್ಞರು ಬಂದು ತಂತ್ರಾಂಶವನ್ನು ಅಳವಡಿಸಿ ಹೋಗುತ್ತಾರೆ. ಒಂದೆರಡು ವರ್ಷ ಎಲ್ಲವೂ ಸುಗಮವಾಗಿ ನಡೆಯುತ್ತದೆ. ಅನಂತರ ಒಂದು ಬೆಳಿಗ್ಗೆ 'ಪ್ರಮಾಣಪತ್ರದ ಅವಧಿ ಮುಗಿದಿದೆ' ಎಂಬ ಸೂಚನೆ ಪರದೆಯ ಮೇಲೆ ಮೂಡಿ ಪತ್ರ ಹೋಗುವುದಿಲ್ಲ, ಅಥವಾ ಬಂದ ಪತ್ರ ತೆರೆಯುವುದಿಲ್ಲ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ತಪ್ಪು ಹೆಜ್ಜೆಗಳನ್ನು ಇಡಲಾಗುತ್ತದೆ. ಅವಸರಕ್ಕೆಂದು ಗೂಢಲಿಪಿಯ ವ್ಯವಸ್ಥೆಯನ್ನೇ ನಿಲ್ಲಿಸಿ ಪತ್ರವನ್ನು ಬಿಚ್ಚೋಲೆಯಾಗಿ ಕಳುಹಿಸುವುದು ಮೊದಲನೆಯದು. ಹಳೆಯ ಕೀಲಿಯನ್ನು ಅಳಿಸಿಹಾಕಿ ಹೊಸದನ್ನು ಮಾಡಿಕೊಳ್ಳುವುದು ಎರಡನೆಯದು. ಮೊದಲನೆಯದರಿಂದ ಒಪ್ಪಂದ ಭಂಗವಾದರೆ, ಎರಡನೆಯದರಿಂದ ವರ್ಷಗಳ ದಾಖಲೆಯೇ ಓದಲಾಗದಂತೆ ಮುಚ್ಚಿಹೋಗುತ್ತದೆ. ಹಳತಾದ ಕೀಲಿಯನ್ನು ಬಳಕೆಯಿಂದ ನಿವೃತ್ತಗೊಳಿಸಬೇಕೇ ಹೊರತು ಎಸೆಯಬಾರದು. ಇದನ್ನು ಸದಸ್ಯ ಬಾಂಧವರಿಗೆ ಕಾರಣಸಹಿತವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಎರಡು ಕೀಲಿಗಳ ವ್ಯವಸ್ಥೆ

ಸಾಮಾನ್ಯ ಬೀಗಕ್ಕೆ ಹಾಕಲು, ತೆಗೆಯಲು ಒಂದೇ ಕೀಲಿ. ಇ-ಮೇಲ್ ಭದ್ರತೆಯಲ್ಲಿ ಒಬ್ಬೊಬ್ಬರಿಗೂ ಎರಡು ಕೀಲಿಗಳಿರುತ್ತವೆ. ಒಂದು ಸಾರ್ವಜನಿಕ ಕೀಲಿ. ಇದನ್ನು ಯಾರಿಗೆ ಬೇಕಾದರೂ ಕೊಡಬಹುದು. ಇನ್ನೊಂದು ಖಾಸಗಿ ಕೀಲಿ. ಇದು ಒಡೆಯನ ಬಳಿ ಮಾತ್ರ ಇರತಕ್ಕದ್ದು. ಬೀದಿಯ ಅಂಚೆ ಪೆಟ್ಟಿಗೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಪತ್ರವನ್ನು ಪೆಟ್ಟಿಗೆಯ ಬಾಯಿಗೆ ಹಾಕಲು ಎಲ್ಲರಿಗೂ ಸಾಧ್ಯ. ಪೆಟ್ಟಿಗೆಯನ್ನು ತೆರೆದು ಪತ್ರ ತೆಗೆಯಲು ಕೀಲಿಯುಳ್ಳ ಅಂಚೆಯವನಿಗೆ ಮಾತ್ರ ಸಾಧ್ಯ. ಖರೀದಿದಾರರು ನಮ್ಮ ಸಾರ್ವಜನಿಕ ಕೀಲಿಯಿಂದ ಪತ್ರವನ್ನು ಮುಚ್ಚುತ್ತಾರೆ. ನಾವು ನಮ್ಮ ಖಾಸಗಿ ಕೀಲಿಯಿಂದ ಅದನ್ನು ತೆರೆಯುತ್ತೇವೆ. ಸಹಿಯ ವಿಷಯದಲ್ಲಿ ಇದು ತಿರುವುಮುರುವು: ನಾವು ಖಾಸಗಿ ಕೀಲಿಯಿಂದ ಸಹಿ ಹಾಕುತ್ತೇವೆ, ಇತರರು ಸಾರ್ವಜನಿಕ ಕೀಲಿಯಿಂದ ಅದನ್ನು ಪರಿಶೀಲಿಸುತ್ತಾರೆ.

ಈ ತತ್ತ್ವದ ಮೇಲೆ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ಎಂಬ ಮೂವರು ವಿಜ್ಞಾನಿಗಳು 1977ರಲ್ಲಿ ರೂಪಿಸಿದ ಆರ್‌ಎಸ್‌ಎ ಪದ್ಧತಿಯು ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಅವರು ಪಿಜಿಪಿ ಎಂಬ ತಂತ್ರಾಂಶದ ಮೂಲಕ ಇಂತಹ ಗೂಢಲಿಪಿಯನ್ನು ಸಾಮಾನ್ಯರ ಇ-ಮೇಲಿಗೂ ತಂದರು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಸಮಾನವಾದ ಎಸ್-ಮೈಮ್ ಎಂಬ ಪದ್ಧತಿ ಹೆಚ್ಚು ರೂಢಿಯಲ್ಲಿದೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸವಿಷ್ಟು: ಎಸ್-ಮೈಮ್‌ನಲ್ಲಿ ಕೀಲಿಯ ಒಡೆತನವನ್ನು ಪ್ರಮಾಣೀಕರಣ ಸಂಸ್ಥೆಯೊಂದು ದೃಢೀಕರಿಸಿ ನಿರ್ದಿಷ್ಟ ಅವಧಿಯ ಪ್ರಮಾಣಪತ್ರ ನೀಡುತ್ತದೆ, ಪಿಜಿಪಿಯಲ್ಲಿ ಕೀಲಿಯನ್ನು ಒಡೆಯನೇ ತಯಾರಿಸಿ ಅವಧಿಯನ್ನೂ ತಾನೇ ನಿಗದಿಪಡಿಸುತ್ತಾನೆ.

ನಮ್ಮ ದೇಶದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯು 2000ದ ಅಕ್ಟೋಬರ್ 17ರಿಂದ ಜಾರಿಗೆ ಬಂದು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ದೊರೆಯಿತು. ಕಂಪನಿ ವ್ಯವಹಾರಗಳ ಸಚಿವಾಲಯದ ವಿವರಣಪತ್ರಗಳು, ಸರ್ಕಾರಿ ಇ-ಟೆಂಡರುಗಳು, ಜಿಎಸ್‌ಟಿ ಮುಂತಾದವುಗಳ ನಿಮಿತ್ತ ಯುಎಸ್‌ಬಿ ಟೋಕನ್ ಎಂಬ ಪುಟ್ಟ ಸಾಧನವನ್ನು ನಮ್ಮಲ್ಲಿ ಅನೇಕರು ಈಗಾಗಲೇ ಬಳಸುತ್ತಿದ್ದಾರೆ. ಅದರೊಳಗೆ ಇರುವುದೂ ಇಂತಹ ಖಾಸಗಿ ಕೀಲಿಯೇ. ಆದುದರಿಂದ ವಿದೇಶಿ ಖರೀದಿದಾರರಿಲ್ಲದವರಿಗೂ ಈ ವಿಷಯ ದೂರದ್ದಲ್ಲ.

ಕೀಲಿ ಹಳತಾಗುವ ಮೂರು ಬಗೆ

ಮೊದಲನೆಯದು, ಅವಧಿ ಮುಗಿಯುವುದು. ಪ್ರತಿ ಪ್ರಮಾಣಪತ್ರದ ಮೇಲೂ ಆರಂಭ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಭಾರತದಲ್ಲಿ ನೀಡಲಾಗುವ ಡಿಜಿಟಲ್ ಸಹಿ ಪ್ರಮಾಣಪತ್ರಗಳ ಗರಿಷ್ಠ ಅವಧಿ 3 ವರ್ಷ. 2021ರ ಜನವರಿ 1ರಿಂದ ಎರಡನೇ ದರ್ಜೆಯ ಪ್ರಮಾಣಪತ್ರಗಳನ್ನು ನೀಡುವುದನ್ನು ನಿಲ್ಲಿಸಿ ಮೂರನೇ ದರ್ಜೆಯವನ್ನೇ ಕೊಡಲಾಗುತ್ತಿದೆ.

ಎರಡನೆಯದು, ಬಲ ಸಾಲದಿರುವುದು. ಕೀಲಿಯ ಬಲವನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ. ಗಣಕಯಂತ್ರಗಳ ವೇಗ ಹೆಚ್ಚಿದಂತೆ ನಿನ್ನೆಯ ಗಟ್ಟಿ ಬೀಗ ಇಂದು ಸಡಿಲವಾಗುತ್ತದೆ. 768 ಬಿಟ್‌ನ ಆರ್‌ಎಸ್‌ಎ ಸಂಖ್ಯೆಯನ್ನು ಸಂಶೋಧಕರು 2009ರಲ್ಲಿ ಭೇದಿಸಿ ತೋರಿಸಿದರು. ಭಾರತದ ಪ್ರಮಾಣೀಕರಣ ನಿಯಂತ್ರಕರು 2012ರ ಆರಂಭದಿಂದ ಹೊಸ ಪ್ರಮಾಣಪತ್ರಗಳಿಗೆ 2048 ಬಿಟ್‌ನ ಕೀಲಿಯನ್ನು ಕಡ್ಡಾಯಗೊಳಿಸಿದರು. ಸಹಿಯಲ್ಲಿ ಬಳಸುತ್ತಿದ್ದ ಎಸ್‌ಎಚ್‌ಎ-1 ಎಂಬ ಲೆಕ್ಕಾಚಾರದ ದೌರ್ಬಲ್ಯವನ್ನು 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಪ್ರತ್ಯಕ್ಷವಾಗಿ ಸಾಬೀತುಪಡಿಸಿದ ಮೇಲೆ, ಹೊಸ ತಂತ್ರಾಂಶಗಳು ಅದನ್ನು ಆಧರಿಸಿದ ಸಹಿಗಳನ್ನು ಕ್ರಮೇಣ ತಿರಸ್ಕರಿಸತೊಡಗಿದವು. ಹೀಗಾಗಿ ದಿನಾಂಕ ಮುಗಿಯದಿದ್ದರೂ ಹತ್ತು ಹದಿನೈದು ವರ್ಷಗಳ ಹಿಂದೆ ಮಾಡಿದ ಪಿಜಿಪಿ ಕೀಲಿಯು ಇಂದು ನಿರುಪಯುಕ್ತವಾಗಿರಬಹುದು.

ಬಲ ಕುಂದಿದ ಕೀಲಿಯ ಅಪಾಯ ದೊಡ್ಡ ಸಂಸ್ಥೆಗಳನ್ನೂ ಬಿಟ್ಟಿಲ್ಲ. ಜಾಕರಿ ಹ್ಯಾರಿಸ್ ಎಂಬ ಅಮೆರಿಕದ ಗಣಿತಜ್ಞರಿಗೆ ಗೂಗಲ್‌ನಿಂದ ಉದ್ಯೋಗಾವಕಾಶದ ಇ-ಮೇಲೊಂದು ಬಂತು. ಅದರ ಸಾಚಾತನವನ್ನು ಪರಿಶೀಲಿಸುವಾಗ, ಗೂಗಲ್ ತನ್ನ ಪತ್ರಗಳಿಗೆ ಮುದ್ರೆಯೊತ್ತಲು ಕೇವಲ 512 ಬಿಟ್‌ನ ಕೀಲಿಯನ್ನು ಬಳಸುತ್ತಿರುವುದು ಅವರಿಗೆ ಕಂಡುಬಂತು. ಇದು ತಮ್ಮ ಜಾಣ್ಮೆಯ ಪರೀಕ್ಷೆಯಿರಬೇಕೆಂದು ಭಾವಿಸಿ ಅವರು ಕೀಲಿಯನ್ನು ಭೇದಿಸಿ, ಗೂಗಲ್‌ನ ಸ್ಥಾಪಕರಲ್ಲೊಬ್ಬರ ಹೆಸರಿನಲ್ಲಿ ಇನ್ನೊಬ್ಬ ಸ್ಥಾಪಕರಿಗೆ ಪತ್ರ ಕಳುಹಿಸಿದರು. ಉತ್ತರವೇನೂ ಬರಲಿಲ್ಲ, ಆದರೆ ಎರಡು ದಿನಗಳಲ್ಲಿ ಗೂಗಲ್‌ನ ಕೀಲಿ 2048 ಬಿಟ್‌ಗೆ ಬದಲಾಗಿತ್ತು. 2012ರ ಅಕ್ಟೋಬರ್‌ನಲ್ಲಿ ಬಹಿರಂಗವಾದ ಈ ಪ್ರಕರಣದಲ್ಲಿ ಅಂತಹ ಕೀಲಿಯನ್ನು ಮುರಿಯಲು ಬಾಡಿಗೆ ಗಣಕಯಂತ್ರಗಳಿಗೆ ತಗಲುವ ವೆಚ್ಚ ಸುಮಾರು 75 ಡಾಲರ್, ಸಮಯ ಸುಮಾರು ಮೂರು ದಿನ ಎಂದು ಅವರು ತಿಳಿಸಿದ್ದರು.

ಮೂರನೆಯದು, ಕೀಲಿ ಅನ್ಯರ ಕೈಸೇರುವುದು. ಕೆಲಸ ಬಿಟ್ಟುಹೋದ ನೌಕರನ ಲ್ಯಾಪ್‌ಟಾಪ್, ಮಾರಿದ ಹಳೆಯ ಕಂಪ್ಯೂಟರು, ಕಳೆದುಹೋದ ಟೋಕನ್, ಕಾಗದದ ಮೇಲೆ ಬರೆದಿಟ್ಟ ಪಾಸ್‌ವರ್ಡ್ ಇವುಗಳಿಂದ ಖಾಸಗಿ ಕೀಲಿಯ ಗೋಪ್ಯತೆ ಹೋಗುತ್ತದೆ. ಇಂತಹ ಕೀಲಿಗೆ ದಿನಾಂಕವಿದ್ದರೂ ಬಲವಿದ್ದರೂ ಪ್ರಯೋಜನವಿಲ್ಲ. ಅದನ್ನು ಕೂಡಲೇ ರದ್ದುಪಡಿಸಬೇಕು.

ತೊಂದರೆಯ ಲಕ್ಷಣಗಳು ಮತ್ತು ಪರಿಹಾರ

ತಂತ್ರಜ್ಞರನ್ನು ಕರೆಯುವ ಮುನ್ನ ಸದಸ್ಯರು ತಾವೇ ಪರಿಶೀಲಿಸಬಹುದಾದ ಅಂಶಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

1. ಒಮ್ಮೆಲೇ ಎಲ್ಲ ಪ್ರಮಾಣಪತ್ರಗಳೂ ಅಮಾನ್ಯವೆಂದು ಕಂಡುಬಂದರೆ: ಮೊದಲು ಕಂಪ್ಯೂಟರಿನ ಗಡಿಯಾರವನ್ನು ನೋಡಬೇಕು. ಹಳೆಯ ಯಂತ್ರಗಳಲ್ಲಿ ಒಳಗಿನ ಪುಟ್ಟ ಬ್ಯಾಟರಿ ಸತ್ತಾಗ, ವಿದ್ಯುತ್ ಹೋಗಿಬಂದ ಕೂಡಲೇ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ತಂತ್ರಾಂಶವು 'ಈ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ' ಎನ್ನುತ್ತದೆ. ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಸಾಕು. ಇದನ್ನು ಗಮನಿಸದೆ ಹೊಸ ಪ್ರಮಾಣಪತ್ರ ಕೊಂಡರೆ ಹಣ ವ್ಯರ್ಥ.

2. ಒಬ್ಬ ಖರೀದಿದಾರರಿಗೆ ಮಾತ್ರ ಪತ್ರ ಹೋಗದಿದ್ದರೆ: ತೊಂದರೆ ಇರುವುದು ಬಹುಪಾಲು ನಮ್ಮ ಬಳಿಯಿರುವ ಅವರ ಸಾರ್ವಜನಿಕ ಕೀಲಿಯಲ್ಲಿ. ಅವರು ಕೀಲಿ ಬದಲಿಸಿದ್ದು ನಮ್ಮ ವಿಳಾಸಪಟ್ಟಿಯಲ್ಲಿ ಹಳೆಯದೇ ಉಳಿದಿರುತ್ತದೆ. ಸಹಿ ಮಾಡಿದ ಹೊಸ ಪತ್ರವೊಂದನ್ನು ಕಳುಹಿಸುವಂತೆ ಅವರನ್ನು ಕೋರಬೇಕು. ಎಸ್-ಮೈಮ್‌ನಲ್ಲಿ ಸಹಿಯ ಜೊತೆಯಲ್ಲಿಯೇ ಪ್ರಮಾಣಪತ್ರವೂ ಬರುತ್ತದೆ. ಔಟ್‌ಲುಕ್ ಬಳಸುವವರು ವಿಳಾಸಪಟ್ಟಿಯಲ್ಲಿನ ಅವರ ಹಳೆಯ ನಮೂದನ್ನು ತೆಗೆದು, ಈ ಹೊಸ ಪತ್ರದಿಂದಲೇ ಮತ್ತೆ ಸೇರಿಸಿಕೊಳ್ಳುವುದು ಉತ್ತಮ.

3. ನಾವು ಕೀಲಿ ಬದಲಿಸಿದ ಮೇಲೂ ಖರೀದಿದಾರರ ಪತ್ರ ಹಳೆಯ ಕೀಲಿಯಿಂದಲೇ ಮುಚ್ಚಿಕೊಂಡು ಬಂದರೆ: ಅವರ ಬಳಿ ನಮ್ಮ ಹಳೆಯ ಸಾರ್ವಜನಿಕ ಕೀಲಿ ಉಳಿದಿದೆ ಎಂದರ್ಥ. ಹಳೆಯ ಖಾಸಗಿ ಕೀಲಿ ನಮ್ಮಲ್ಲಿದ್ದರೆ ಪತ್ರ ತೆರೆಯುತ್ತದೆ. ತೆರೆದು ಓದಿ, ಹೊಸ ಕೀಲಿಯಿಂದ ಸಹಿ ಮಾಡಿದ ಉತ್ತರವನ್ನು ಕಳುಹಿಸಿ, ಅದನ್ನು ಅಳವಡಿಸಿಕೊಳ್ಳುವಂತೆ ಕೇಳಿಕೊಳ್ಳಬೇಕು. ಖರೀದಿ, ಗುಣಮಟ್ಟ, ಲೆಕ್ಕಪತ್ರ ಹೀಗೆ ಅವರ ಬೇರೆ ಬೇರೆ ವಿಭಾಗಗಳಿಗೆ ಪ್ರತ್ಯೇಕವಾಗಿ ತಿಳಿಸುವುದು ಅವಶ್ಯ.

4. ಹಳೆಯ ಪತ್ರಗಳು ತೆರೆಯದಿದ್ದರೆ: 'ನಿಮ್ಮ ಡಿಜಿಟಲ್ ಐಡಿ ದೊರೆಯುತ್ತಿಲ್ಲ' ಎಂಬರ್ಥದ ಸೂಚನೆ ಬರುತ್ತದೆ. ಕಾರಣ, ಆ ಪತ್ರವನ್ನು ಮುಚ್ಚಿದ ಕೀಲಿಗೆ ಜೋಡಿಯಾದ ಖಾಸಗಿ ಕೀಲಿ ಈ ಯಂತ್ರದಲ್ಲಿ ಇಲ್ಲ. ಹೊಸ ಪ್ರಮಾಣಪತ್ರ ಕೊಂಡರೂ ಹಳೆಯ ಪತ್ರ ತೆರೆಯುವುದಿಲ್ಲ. ಕೀಲಿಯ ಪ್ರತಿಯನ್ನು ಪಿಎಫ್‌ಎಕ್ಸ್ ಅಥವಾ ಪಿ-12 ಕಡತವಾಗಿ ಪೆನ್‌ಡ್ರೈವಿನಲ್ಲೋ ಸಿ.ಡಿ.ಯಲ್ಲೋ ಇಟ್ಟಿದ್ದರೆ ಅದನ್ನು ಪಾಸ್‌ವರ್ಡಿನೊಂದಿಗೆ ಮತ್ತೆ ಅಳವಡಿಸಬೇಕು. ನಾವು ಕಳುಹಿಸಿದ ಗೂಢಲಿಪಿಯ ಪತ್ರಗಳ ಪ್ರತಿಗಳೂ ಸಾಮಾನ್ಯವಾಗಿ ನಮ್ಮದೇ ಕೀಲಿಯಿಂದ ಮುಚ್ಚಿರುವುದರಿಂದ, ಕೀಲಿ ಹೋದರೆ ಬಂದದ್ದೂ ಹೋಗುತ್ತದೆ, ಕಳುಹಿಸಿದ್ದೂ ಹೋಗುತ್ತದೆ. ಯಂತ್ರ ನಿಧಾನವಾಯಿತೆಂದು ಸರ್ವಿಸಿಗೆ ಬಂದವರು ಫಾರ್ಮ್ಯಾಟ್ ಮಾಡುವ ಮುನ್ನ 'ಕೀಲಿಯ ಪ್ರತಿ ತೆಗೆದಿದ್ದೀರಾ?' ಎಂದು ಕೇಳುವ ಅಭ್ಯಾಸವನ್ನು ಮಾಲೀಕರು ರೂಢಿಸಿಕೊಳ್ಳಬೇಕು. ಪತ್ರಗಳ ಬ್ಯಾಕಪ್ ಇದ್ದ ಮಾತ್ರಕ್ಕೆ ಕೀಲಿಯ ಬ್ಯಾಕಪ್ ಇದೆಯೆಂದು ಭಾವಿಸಬಾರದು.

5. ಕಂಪ್ಯೂಟರಿನಲ್ಲಿ ತೆರೆಯುವ ಪತ್ರ ಮೊಬೈಲಿನಲ್ಲಿ ತೆರೆಯದಿದ್ದರೆ: ಹೊಸ ಕೀಲಿಯನ್ನು ಒಂದು ಸಾಧನಕ್ಕೆ ಮಾತ್ರ ಹಾಕಲಾಗಿದೆ. ಪತ್ರ ನೋಡುವ ಪ್ರತಿಯೊಂದು ಸಾಧನಕ್ಕೂ ಕೀಲಿ ಬೇಕು. ಆದರೆ ಸಾಧನಗಳು ಹೆಚ್ಚಿದಷ್ಟೂ ಅಪಾಯವೂ ಹೆಚ್ಚುವುದರಿಂದ, ಗೋಪ್ಯ ಡ್ರಾಯಿಂಗುಗಳನ್ನು ಒಂದೇ ಯಂತ್ರದಲ್ಲಿ ನೋಡುವ ನಿಯಮ ಹಾಕಿಕೊಳ್ಳುವುದು ಲೇಸು.

6. ಪಿಜಿಪಿ ಕೀಲಿಯ ಅವಧಿ ಮುಗಿದಿದ್ದರೆ: ಖಾಸಗಿ ಕೀಲಿಯೂ ಪಾಸ್‌ವರ್ಡೂ ನಮ್ಮ ಬಳಿಯಿದ್ದರೆ ಅದೇ ಕೀಲಿಯ ಅವಧಿಯನ್ನು ವಿಸ್ತರಿಸಬಹುದು, ಹೊಸ ಕೀಲಿ ಅನಿವಾರ್ಯವಲ್ಲ. ಆದರೆ ವಿಸ್ತರಿಸಿದ ಸಾರ್ವಜನಿಕ ಕೀಲಿಯನ್ನು ಎಲ್ಲ ಖರೀದಿದಾರರಿಗೂ ಮತ್ತೆ ಕಳುಹಿಸಬೇಕು. ಇಲ್ಲವಾದರೆ ಅವರ ಯಂತ್ರದಲ್ಲಿ ಹಳೆಯ ದಿನಾಂಕವೇ ಕಾಣುತ್ತದೆ. ಕೀಲಿಯ ಬಲ 2048 ಬಿಟ್‌ಗಿಂತ ಕಡಿಮೆಯಿದ್ದರೆ ವಿಸ್ತರಿಸದೆ ಹೊಸದನ್ನೇ ಮಾಡಿಕೊಳ್ಳಬೇಕು. ಥಂಡರ್‌ಬರ್ಡ್ ತಂತ್ರಾಂಶ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. 2020ರಲ್ಲಿ ಬಂದ ಅದರ 78ನೇ ಆವೃತ್ತಿಯಿಂದ ಎನಿಗ್‌ಮೇಲ್ ಎಂಬ ಪೂರಕ ತಂತ್ರಾಂಶದ ಬಳಕೆ ನಿಂತು, ಪಿಜಿಪಿ ವ್ಯವಸ್ಥೆಯನ್ನು ಥಂಡರ್‌ಬರ್ಡ್‌ನೊಳಗೇ ಅಳವಡಿಸಲಾಯಿತು. ಆಗ ವರ್ಗಾಯಿಸದೆ ಬಿಟ್ಟ ಕೀಲಿಗಳು ಹಳೆಯ ಯಂತ್ರದಲ್ಲಿಯೇ ಉಳಿದಿರುತ್ತವೆ. ಆ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಕೀಲಿಗಳನ್ನು ಹೊರತೆಗೆಯಬೇಕು.

7. ಹಿಂದಿನ ಪತ್ರದ ಸಹಿ ಈಗ ಅಮಾನ್ಯವೆಂದು ತೋರಿದರೆ: ಗಾಬರಿಯಾಗಬೇಕಿಲ್ಲ. ಸಹಿ ಹಾಕಿದ ದಿನ ಪ್ರಮಾಣಪತ್ರ ಊರ್ಜಿತದಲ್ಲಿತ್ತೇ ಎಂಬುದು ಮುಖ್ಯ. ಚೆಕ್ಕಿಗೆ ಸಹಿ ಹಾಕಿದ ಅಧಿಕಾರಿ ಅನಂತರ ನಿವೃತ್ತರಾದರೆ ಹಿಂದಿನ ಚೆಕ್ಕು ಸುಳ್ಳಾಗುವುದಿಲ್ಲ ಎಂಬಂತೆಯೇ ಇದು.

8. ಗೂಢಲಿಪಿ ಬಳಸದಿದ್ದರೂ ನಮ್ಮ ಪತ್ರಗಳು ಖರೀದಿದಾರರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತಿದ್ದರೆ: ಸ್ವಂತ ಡೊಮೇನ್ ಹೆಸರಿನಲ್ಲಿ ಇ-ಮೇಲ್ ಇಟ್ಟುಕೊಂಡವರು ಡಿಕೆಐಎಂ ಎಂಬ ಕೀಲಿಯನ್ನು ಪರೀಕ್ಷಿಸಬೇಕು. ಇದು ಪತ್ರ ನಮ್ಮ ಡೊಮೇನಿನಿಂದಲೇ ಹೊರಟಿದೆ ಎಂಬುದಕ್ಕೆ ಸರ್ವರ್ ಒತ್ತುವ ಮುದ್ರೆ. ಹ್ಯಾರಿಸ್ ಅವರು ಮುರಿದದ್ದು ಇಂತಹ ಕೀಲಿಯನ್ನೇ. 2018ರ ಜನವರಿಯ ಅಂತರರಾಷ್ಟ್ರೀಯ ಮಾನಕದಂತೆ ಇದು 1024 ಬಿಟ್‌ಗಿಂತ ಕಡಿಮೆ ಇರುವಂತಿಲ್ಲ, 2048 ಇರುವುದು ಅಪೇಕ್ಷಣೀಯ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ ಈ ಮುದ್ರೆಯನ್ನು ಕಡ್ಡಾಯ ಮಾಡಿದೆ; ಕಡಿಮೆ ಕಳುಹಿಸುವವರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಎರಡರಲ್ಲೊಂದನ್ನು ಹೊಂದಿರಬೇಕು. ಬದಲಾವಣೆಯ ಕ್ರಮ ಹೀಗೆ: ಹೊಸ ಕೀಲಿಯನ್ನು ಬೇರೆ ಹೆಸರಿನಲ್ಲಿ ಡಿಎನ್‌ಎಸ್ ದಾಖಲೆಗೆ ಸೇರಿಸುವುದು; ಒಂದೆರಡು ದಿನ ಕಾದು ಸರ್ವರನ್ನು ಹೊಸ ಕೀಲಿಗೆ ತಿರುಗಿಸುವುದು; ದಾರಿಯಲ್ಲಿರುವ ಪತ್ರಗಳು ತಲುಪಲೆಂದು ಹಳೆಯದನ್ನು ಇನ್ನೂ ಕೆಲವು ದಿನ ಬಿಟ್ಟು ಅನಂತರ ತೆಗೆಯುವುದು. ಹಳೆಯದನ್ನು ಮೊದಲೇ ಅಳಿಸಿದರೆ ನಡುವಿನ ಪತ್ರಗಳೆಲ್ಲ ಅನುಮಾನಕ್ಕೆ ಒಳಗಾಗುತ್ತವೆ.

ಹಳೆಯ ಕೀಲಿಯನ್ನು ಏಕೆ ಕಾಪಾಡಬೇಕು?

ಒಂದು ಉದಾಹರಣೆಯನ್ನು ಭಾವಿಸೋಣ. ಶ್ರೀಗಂಧದ ಕಾವಲಿನ ಒಂದು ಮೆಷಿನ್ ಶಾಪ್ ದೊಡ್ಡ ಕಂಪನಿಯೊಂದಕ್ಕೆ 400 ಬುಶ್‌ಗಳನ್ನು ತಯಾರಿಸಿಕೊಟ್ಟಿದೆ. ಎರಡು ತಿಂಗಳ ಬಳಿಕ, ಅಳತೆ ಪರಿಷ್ಕೃತ ಡ್ರಾಯಿಂಗಿನಂತೆ ಇಲ್ಲವೆಂದು ಕಂಪನಿಯು ಹಣ ತಡೆಹಿಡಿಯುತ್ತದೆ. ಪರಿಷ್ಕೃತ ಡ್ರಾಯಿಂಗ್ ತಮಗೆ ಬಂದದ್ದು ಸರಕು ಹೋದ ಮೇಲೆ ಎಂಬುದು ಮಾಲೀಕರ ವಾದ. ಅದನ್ನು ತೋರಿಸಬಲ್ಲ ಪತ್ರ ಕಂಪ್ಯೂಟರಿನಲ್ಲಿಯೇ ಇದೆ. ಆದರೆ ನಡುವೆ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಹೊಸ ಕೀಲಿ ಹಾಕಲಾಗಿದೆ. ಪತ್ರ ಕಣ್ಣಿಗೆ ಕಾಣುತ್ತದೆ, ತೆರೆಯುವುದಿಲ್ಲ. ತಮ್ಮ ವಿರುದ್ಧದ ಸಾಕ್ಷ್ಯವನ್ನು ತೆರೆದು ಕೊಡಿರೆಂದು ಆ ಕಂಪನಿಯನ್ನೇ ಬೇಡಬೇಕಾದ ಪರಿಸ್ಥಿತಿ ಸಣ್ಣ ಉದ್ಯಮಿಗೆ ಒದಗುತ್ತದೆ.

ಈ ನಷ್ಟ ಕಡಿಮೆಯದಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಒಪ್ಪಿದ ಅವಧಿಯೊಳಗೆ, ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಸರಕಿನ ಬಗ್ಗೆ ಆಕ್ಷೇಪಣೆಯಿದ್ದರೆ ಸರಕು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂಬುದೂ ಅದೇ ಕಾಯ್ದೆಯ ವ್ಯಾಖ್ಯಾನದಲ್ಲಿದೆ. ಫೆಸಿಲಿಟೇಷನ್ ಕೌನ್ಸಿಲಿನ ಮುಂದೆ ವಾದಿಸುವಾಗ ಯಾವ ಪತ್ರ ಯಾವ ದಿನ ಬಂತೆಂಬುದೇ ನಿರ್ಣಾಯಕವಾಗುತ್ತದೆ.

ದಾಖಲೆಗಳನ್ನು ಇಡುವ ಕಾನೂನಿನ ಹೊಣೆಯೂ ಇದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣಪತ್ರದ ಗಡುವಿನಿಂದ 72 ತಿಂಗಳು ಕಾಪಾಡಬೇಕು. 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಕಂಪನಿಗಳು ಲೆಕ್ಕದ ಪುಸ್ತಕಗಳನ್ನೂ ಸಂಬಂಧಿಸಿದ ವೋಚರುಗಳನ್ನೂ 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು. ಪ್ರಮಾಣಪತ್ರದ ಆಯುಸ್ಸು ಹೆಚ್ಚೆಂದರೆ 3 ವರ್ಷ, ದಾಖಲೆಯ ಆಯುಸ್ಸು ಅದರ ಎರಡು ಪಟ್ಟಿಗೂ ಹೆಚ್ಚು. ಅಂದರೆ ಒಂದು ದಾಖಲೆ ತನ್ನ ಅವಧಿ ಮುಗಿಸುವುದರೊಳಗೆ ಎರಡು ಮೂರು ಕೀಲಿಗಳು ಬಂದುಹೋಗಿರುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯನ್ನು ನಿಗದಿತ ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ಆದರೆ ತೆರೆಯಲಾಗದ ಪತ್ರದಿಂದ ಏನನ್ನೂ ಸಾಬೀತುಪಡಿಸಲಾಗದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಹಿಗೆ ಮಾತ್ರ ಬಳಸುವ ಖಾಸಗಿ ಕೀಲಿಯನ್ನು ಅವಧಿ ಮುಗಿದ ಮೇಲೆ ನಾಶಪಡಿಸಬಹುದು, ಏಕೆಂದರೆ ಸಹಿಯನ್ನು ಪರಿಶೀಲಿಸಲು ಸಾರ್ವಜನಿಕ ಕೀಲಿ ಸಾಕು. ಗೂಢಲಿಪಿಯನ್ನು ಬಿಡಿಸುವ ಖಾಸಗಿ ಕೀಲಿಯನ್ನು ಮಾತ್ರ ಕಾಪಾಡಲೇಬೇಕು. ಒಂದೇ ಜೋಡಿ ಎರಡಕ್ಕೂ ಬಳಕೆಯಾಗಿದ್ದರೆ ಅದನ್ನೂ ಇಟ್ಟುಕೊಳ್ಳಬೇಕು. ರದ್ದುಪಡಿಸಿದ ಕೀಲಿಗೂ ಈ ನಿಯಮ ಅನ್ವಯಿಸುತ್ತದೆ: ಹೊಸ ಪತ್ರಕ್ಕೆ ಬಳಸಬಾರದು, ಹಳೆಯ ಪತ್ರ ಓದಲು ಬೇಕು. ಯುಎಸ್‌ಬಿ ಟೋಕನಿನೊಳಗಿನ ಖಾಸಗಿ ಕೀಲಿಯನ್ನು ಹೊರಗೆ ನಕಲು ಮಾಡಲು ಬರುವುದಿಲ್ಲವಾದುದರಿಂದ, ಅಂತಹ ಕೀಲಿಯಿಂದ ತೆರೆಯುವ ಮುಖ್ಯ ಪತ್ರಗಳನ್ನು ಬಂದ ಕೂಡಲೇ ತೆರೆದು, ಬಿಡಿಸಿದ ಪ್ರತಿಯನ್ನು ಸುರಕ್ಷಿತ ಜಾಗದಲ್ಲಿ ಇಡಬೇಕು. ಅವಧಿ ಮುಗಿದ ಟೋಕನನ್ನೂ ಅಳಿಸದೆ ಕಾದಿಡಬೇಕು.

ಕೀಲಿ ಬದಲಾಗುವ ಸಮಯವೇ ವಂಚಕನ ಸಮಯ

'ನಮ್ಮ ಹಳೆಯ ಕೀಲಿಯ ಅವಧಿ ಮುಗಿದಿದೆ, ಇನ್ನು ಮುಂದೆ ಈ ಹೊಸ ಕೀಲಿ ಬಳಸಿ' ಎಂಬ ಪತ್ರ ಬಂದರೆ ಅದನ್ನು ಕಣ್ಣುಮುಚ್ಚಿ ನಂಬಬಾರದು. ಪತ್ರದ ಜೊತೆಗೆ ಬ್ಯಾಂಕ್ ಖಾತೆಯೂ ಬದಲಾಗಿದೆಯೆಂದು ತಿಳಿಸಿದ್ದರಂತೂ ಇನ್ನಷ್ಟು ಎಚ್ಚರ ಬೇಕು. ವ್ಯಾಪಾರಿ ಇ-ಮೇಲ್‌ಗಳ ನಡುವೆ ನುಸುಳಿ ಹಣವನ್ನು ಬೇರೆ ಖಾತೆಗೆ ತಿರುಗಿಸುವ ವಂಚನೆಯಿಂದ 2023ರ ಒಂದೇ ವರ್ಷದಲ್ಲಿ ಅಮೆರಿಕದ ಎಫ್‌ಬಿಐಗೆ ವರದಿಯಾದ ನಷ್ಟ 290 ಕೋಟಿ ಡಾಲರಿಗೂ ಅಧಿಕ.

ಇದಕ್ಕೆ ಪರಿಹಾರ ಸುಲಭವಾಗಿದೆ. ಪ್ರತಿ ಕೀಲಿಗೂ ಬೆರಳಚ್ಚು ಎಂದು ಕರೆಯುವ ಅಕ್ಷರ ಮತ್ತು ಅಂಕೆಗಳ ಸಾಲೊಂದು ಇರುತ್ತದೆ. ಹೊಸ ಕೀಲಿ ಬಂದಾಗ, ಆ ಪತ್ರದಲ್ಲಿ ಕೊಟ್ಟಿರುವ ದೂರವಾಣಿಗೆ ಅಲ್ಲ, ನಮ್ಮ ಬಳಿ ಮೊದಲಿನಿಂದ ಇರುವ ಸಂಖ್ಯೆಗೆ ಕರೆ ಮಾಡಿ, ಪರಿಚಿತ ವ್ಯಕ್ತಿಯಿಂದ ಆ ಸಾಲನ್ನು ಓದಿಸಿ ತಾಳೆ ನೋಡಬೇಕು. ಎರಡು ನಿಮಿಷದ ಈ ಕೆಲಸ ಎಷ್ಟೋ ಲಕ್ಷಗಳನ್ನು ಉಳಿಸಬಲ್ಲದು. ನಾವು ಕೀಲಿ ಬದಲಿಸುವಾಗ ಹಳೆಯ ಕೀಲಿ ಇನ್ನೂ ಊರ್ಜಿತದಲ್ಲಿರುವಾಗಲೇ, ಅದರಿಂದಲೇ ಸಹಿ ಮಾಡಿ ಹೊಸದನ್ನು ಪರಿಚಯಿಸಿದರೆ ಖರೀದಿದಾರರಿಗೂ ನಂಬಿಕೆ ಬರುತ್ತದೆ. ಆದುದರಿಂದ ಅವಧಿ ಮುಗಿಯುವ ಕನಿಷ್ಠ ಒಂದು ತಿಂಗಳು ಮೊದಲೇ ಕೆಲಸ ಆರಂಭಿಸಬೇಕು.

ವಂಚನೆ ನಡೆದುಹೋದರೆ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ದೇಶದಲ್ಲಿ ಮೊಟ್ಟಮೊದಲು ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾದದ್ದು 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ. ದೂರು ನೀಡಲು ಸಂಕೋಚಪಡುವ ಕಾರಣವಿಲ್ಲ. ಕೀಲಿಯೇ ಕಳುವಾಗಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಮನ್ನು ನೆನಪಿಡಬೇಕು. ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಲು ಒಡೆಯನು ಯುಕ್ತ ಎಚ್ಚರ ವಹಿಸಬೇಕು. ಅದು ಬಯಲಾದರೆ ವಿಳಂಬವಿಲ್ಲದೆ ಪ್ರಮಾಣೀಕರಣ ಸಂಸ್ಥೆಗೆ ತಿಳಿಸಬೇಕು. ತಿಳಿಸುವವರೆಗಿನ ಹೊಣೆ ಒಡೆಯನದೇ. ಟೋಕನನ್ನೂ ಅದರ ಪಾಸ್‌ವರ್ಡನ್ನೂ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ವರ್ಷಗಟ್ಟಲೆ ಬಿಟ್ಟಿರುವ ಸದಸ್ಯರು ಈ ಮಾತನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳಿತು. ಸಹಿ ಹಾಕಿದ ಖಾಲಿ ಚೆಕ್ ಪುಸ್ತಕವನ್ನು ಯಾರೂ ಹಾಗೆ ಬಿಟ್ಟುಬರುವುದಿಲ್ಲ.

ಕೀಲಿಗಳಿಗೊಂದು ರಿಜಿಸ್ಟರ್

ದುಬಾರಿ ತಂತ್ರಾಂಶಕ್ಕಿಂತ ಹೆಚ್ಚು ನೆರವಾಗುವುದು ಒಂದು ಸಾಮಾನ್ಯ ರಿಜಿಸ್ಟರ್. ಯಂತ್ರಗಳ ನಿರ್ವಹಣೆಗೆ, ಗೇಜುಗಳ ಕ್ಯಾಲಿಬ್ರೇಷನ್ನಿಗೆ ಪುಸ್ತಕ ಇಡುವ ಕಾರ್ಖಾನೆಗಳಿಗೆ ಇದು ಹೊಸದೇನಲ್ಲ. ಅದರಲ್ಲಿ ಈ ಅಂಶಗಳಿದ್ದರೆ ಸಾಕು:

- ಕೀಲಿ ಯಾರ ಹೆಸರಿನಲ್ಲಿದೆ, ಯಾವ ಇ-ಮೇಲ್ ವಿಳಾಸಕ್ಕೆ ಸೇರಿದೆ, ಯಾವ ಕೆಲಸಕ್ಕೆ ಬಳಕೆಯಾಗುತ್ತದೆ
- ನೀಡಿದ ಸಂಸ್ಥೆ, ಬಿಟ್‌ಗಳಲ್ಲಿ ಬಲ, ಆರಂಭ ಮತ್ತು ಅಂತ್ಯದ ದಿನಾಂಕ
- ಯಾವ ಯಂತ್ರ, ಮೊಬೈಲ್ ಅಥವಾ ಟೋಕನಿನಲ್ಲಿದೆ, ಬ್ಯಾಕಪ್ ಎಲ್ಲಿದೆ
- ಸಾರ್ವಜನಿಕ ಕೀಲಿಯನ್ನು ಯಾವ ಯಾವ ಖರೀದಿದಾರರಿಗೆ ಯಾವ ದಿನ ಕೊಡಲಾಗಿದೆ
- ನಿವೃತ್ತಗೊಳಿಸಿದ ದಿನಾಂಕ, ಕಾರಣ, ಎಷ್ಟು ವರ್ಷ ಕಾಪಾಡಬೇಕು

ಕೀಲಿಯ ಪ್ರತಿಯನ್ನು ಎರಡು ಪೆನ್‌ಡ್ರೈವುಗಳಲ್ಲಿ ತೆಗೆದು ಒಂದನ್ನು ಕಾರ್ಖಾನೆಯ ತಿಜೋರಿಯಲ್ಲಿ, ಇನ್ನೊಂದನ್ನು ಮನೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇಡಬೇಕು. ಪಾಸ್‌ವರ್ಡನ್ನು ಅದರ ಜೊತೆಯಲ್ಲಿ ಇಡದೆ, ಬೇರೆ ಮುಚ್ಚಿದ ಲಕೋಟೆಯಲ್ಲಿ ಪಾಲುದಾರರೊಬ್ಬರ ಬಳಿ ಇರಿಸಬೇಕು. ವರ್ಷಕ್ಕೊಮ್ಮೆ, ಆಯುಧಪೂಜೆಗೆಂದು ಯಂತ್ರಗಳನ್ನು ಒರೆಸಿ ಸ್ವಚ್ಛಗೊಳಿಸುವ ದಿನಗಳಲ್ಲಿ, ಅತ್ಯಂತ ಹಳೆಯ ಕೀಲಿಯ ಪ್ರತಿಯಿಂದ ಒಂದು ಹಳೆಯ ಪತ್ರವನ್ನು ತೆರೆದು ನೋಡಬೇಕು. ತೆರೆದು ಪರೀಕ್ಷಿಸದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ನೆಚ್ಚಿಕೊಳ್ಳಲಾಗದು. ನೌಕರರು ಕೆಲಸ ಬಿಡುವಾಗ ಗೇಟ್ ಪಾಸು ಹಿಂಪಡೆಯುವಂತೆ ಕೀಲಿಯನ್ನೂ ಹಿಂಪಡೆದು ರಿಜಿಸ್ಟರಿನಲ್ಲಿ ನಮೂದಿಸಬೇಕು.

2048 ಬಿಟ್‌ನ ಕೀಲಿಯೂ ಶಾಶ್ವತವಲ್ಲ. ಕ್ವಾಂಟಮ್ ಗಣಕಯಂತ್ರಗಳು ಬಂದಾಗ ಇಂದಿನ ಪದ್ಧತಿಗಳು ಸಾಲವೆಂಬ ಮುಂದಾಲೋಚನೆಯಿಂದ ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಮೂರು ಹೊಸ ಮಾನಕಗಳನ್ನು ಪ್ರಕಟಿಸಿದೆ. ಮುಂದಿನ ವರ್ಷಗಳಲ್ಲಿ ಖರೀದಿದಾರರು ಮತ್ತೊಮ್ಮೆ ಕೀಲಿ ಬದಲಿಸಲು ಕೇಳುವುದು ಖಚಿತ. ರಿಜಿಸ್ಟರ್ ಇಟ್ಟವರಿಗೆ ಅದು ಒಂದು ದಿನದ ಕೆಲಸ. ಇಡದವರಿಗೆ ಮತ್ತೊಂದು ಆಘಾತ.

ಕಾವಲ್ ಎಂಬ ಹೆಸರು ಹೊತ್ತ ಪ್ರದೇಶದ ಉದ್ಯಮಿಗಳಿಗೆ ಕಾಯುವುದರ ಬೆಲೆಯನ್ನು ಹೇಳಿಕೊಡಬೇಕಿಲ್ಲ. ರಾತ್ರಿ ಶಟರ್ ಎಳೆದು ಬೀಗ ಜಗ್ಗಿ ನೋಡುವ ಎಚ್ಚರವೇ ಕಂಪ್ಯೂಟರಿನೊಳಗಿನ ಕೀಲಿಗೂ ಸಲ್ಲಬೇಕು. ಸದಸ್ಯ ಬಾಂಧವರು ಈ ವಾರವೇ ತಮ್ಮ ಪ್ರಮಾಣಪತ್ರಗಳ ಅಂತ್ಯದ ದಿನಾಂಕವನ್ನು ನೋಡಿ ಬರೆದಿಟ್ಟುಕೊಳ್ಳಬೇಕು. ಹಳೆಯ ಕೀಲಿಯ ಪ್ರತಿ ಎಲ್ಲಿದೆಯೆಂದು ವಿಚಾರಿಸಬೇಕು. ಉತ್ತರ ಸಿಗದಿದ್ದರೆ, ಹಳೆಯ ಯಂತ್ರ ಗುಜರಿಗೆ ಹೋಗುವ ಮುನ್ನ ಅದನ್ನು ಹುಡುಕಿ ತೆಗೆಯುವುದು ಮೊದಲ ಕೆಲಸವಾಗಲಿ.